ನಾಯಕನ ತಾತ್ಕಾಲಿಕ ನಿಧನ

ಮಗಳ ಮದುವೆಯ ರುಖವತದ ಜವಾಬ್ದಾರಿಯನ್ನು ಯಾರೂ ನನಗೆ ವಹಿಸಿರಲಿಲ್ಲ. ನಾನೇ ವಹಿಸಿಕೊಂಡೆ. ಅಕ್ಕಲಕೋಟ ತಾಲೂಕಿನ ಚಪಳಗಾಂವದ ಕನ್ನಡ ಶಾಲೆಯಲ್ಲಿ ಇಪ್ಪತ್ತೆಂಟು ವರ್ಷ ಮಾಸ್ತರಕಿ ಮಾಡಿ, ಈಗ ಹೆಡ್‌ಮಾಸ್ತರನ ಕುರ್ಚಿಯಲ್ಲಿ ಕುಳಿತಿರುವವನು ನಾನು. ವಿಜ್ಞಾನ ಪ್ರದರ್ಶನಕ್ಕೆ ರಟ್ಟಿನ ಜ್ವಾಲಾಮುಖಿ, ಥರ್ಮಾಕೋಲಿನ ಹೃದಯ, ಬೆಂಕಿಕಡ್ಡಿಯ ಅಣೆಕಟ್ಟು ಎಲ್ಲವನ್ನೂ ಈ ಕೈಗಳಿಂದಲೇ ಮಾಡಿದ್ದೇನೆ. ಅಂಥವನಿಗೆ ಒಂದು ರುಖವತ ಏನು ಮಹಾ! ಹಾಗೆಂದು ನನಗೆ ಅನಿಸಿತು. ಅನಿಸಿದ್ದನ್ನು ಗಟ್ಟಿಯಾಗಿ ಹೇಳಿಯೂ ಬಿಟ್ಟೆ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ರುಖವತ ಎಂದರೆ ನಮ್ಮ ಸೊಲ್ಲಾಪುರದ ಕಡೆ ಹೆಣ್ಣಿನ ಮನೆಯವರು ಮಂಗಲ ಕಾರ್ಯಾಲಯದಲ್ಲಿ ಮೇಜಿನ ಮೇಲೆ ಜೋಡಿಸಿಡುವ ತಿಂಡಿ ತಿನಿಸು, ಕಸೂತಿ, ಕೈಗೆಲಸಗಳ ಪ್ರದರ್ಶನ. ಅಕ್ಷತೆ ಬೀಳುವ ಮುಂಚೆ ಗಂಡಿನ ಕಡೆಯ ಹೆಂಗಸರು ಸೆರಗು ಸರಿಮಾಡಿಕೊಂಡು ಬಂದು ಒಂದೊಂದನ್ನೇ ನೋಡಿ ಮಾರ್ಕು ಹಾಕುತ್ತಾರೆ. ಮಾರ್ಕನ್ನು ಅವತ್ತು ಹೇಳುವುದಿಲ್ಲ. ಮುಂದಿನ ಮೂವತ್ತು ವರ್ಷ ಸೊಸೆಗೆ ಹೇಳುತ್ತಾರೆ!

ನನ್ನ ಮಗಳು ಶ್ರದ್ಧಾ ಚಿಂಚೋಳಿ ಎಂಐಡಿಸಿ ಕೈಗಾರಿಕಾ ವಸಾಹತಿನ ಒಂದು ಕಾರ್ಖಾನೆಯಲ್ಲಿ ಮಾಲು ತಪಾಸಣೆ ಮಾಡುತ್ತಾಳೆ. ವರ ನಿಖಿಲ ಅದೇ ಕಾರ್ಖಾನೆಯ ಗೋದಾಮಿನಲ್ಲಿದ್ದಾನೆ. ಇಬ್ಬರ ಪರಿಚಯ ಬೆಳೆದದ್ದು ಒಂದು ಸಿನಿಮಾ ಸರಣಿಯ ದೆಸೆಯಿಂದ. ರಸ್ತೆಯ ಮೇಲೆ ಕಾರಿನ ಪಂದ್ಯ ಕಟ್ಟುವ ಇಂಗ್ಲಿಷ್ ಸಿನಿಮಾ, ಆದರೆ ಹಿಂದಿಯಲ್ಲಿ ಮಾತಾಡುವಂಥದು. ಒಂದಲ್ಲ, ಎಂಟು ಭಾಗ. ಅದರಲ್ಲಿ ಯಾವ ಭಾಗ ಶ್ರೇಷ್ಠ ಎಂದು ಇವರಿಬ್ಬರೂ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಜಗಳಾಡಿ, ಆ ಜಗಳ ಮುಗಿಯದೆ, ಕೊನೆಗೆ ಮದುವೆಯಾಗುವುದೇ ಸರಿ ಎಂದು ತೀರ್ಮಾನಿಸಿದರಂತೆ.

ತೊಡಕು ಇದ್ದದ್ದು ನಿಖಿಲನ ತಾಯಿ ಸುಲೋಚನಾಬಾಯಿಯವರಲ್ಲಿ. ಮರವಡೆ ಊರಿನ ಹೆಣ್ಣುಮಗಳು. ಗಂಡ ತೀರಿಕೊಂಡು ಆರು ವರ್ಷ. ಒಬ್ಬನೇ ಮಗ. ಹತ್ತಿರದ ನೆಂಟರಲ್ಲೇ ಹೆಣ್ಣು ತರಬೇಕೆಂಬ ಆಸೆ ಅವರಿಗಿತ್ತು. ಮಗನ ಹಟಕ್ಕೆ ಇಲ್ಲ ಅನ್ನಲಿಲ್ಲ. ಆದರೆ ಮನಸ್ಸಿಟ್ಟು ಹ್ಞೂಂ ಅಂತಲೂ ಅನ್ನಲಿಲ್ಲ. ಬಂಗಾರ ಕೇಳಲಿಲ್ಲ, ಬಟ್ಟೆ ಕೇಳಲಿಲ್ಲ. "ರುಖವತ ಅಷ್ಟ ನೀಟ ಇರಲಿ ಗುರೂಜಿ. ನಮ್ಮ ಊರಾಗಿನ ಬಾಯಕಾರು, ಹೆಣ್ಮಕ್ಕಳು ಎಲ್ಲಾ ನೋಡಾಕ ಬರ್ತಾರ" ಎಂದರು. ಮಂಗಳವೇಢೆ ಕಡೆಯವರು, ಕನ್ನಡ ಮರಾಠಿ ಎರಡನ್ನೂ ಕಲಸಿಯೇ ಮಾತಾಡುತ್ತಾರೆ.

ಆ ದಿನ ಸಂಜೆ ಶ್ರದ್ಧಾ ನನ್ನ ಹತ್ತಿರ ಬಂದು ಕುಳಿತಳು.

"ಅಪ್ಪಾ, ಅತ್ತೆಬಾಯಿ ಒಂದ ಮಾತು ಕೇಳ್ಯಾರ. ಅವರ ಮನಸ್ಸಿಗೆ ಬಂತಂದ್ರ ನನಗ ಆ ಮನ್ಯಾಗ ಜಾಗಾ ಆಗ್ತದ. ಇಲ್ಲಂದ್ರ ನಾ ಜನ್ಮಾ ಪೂರಾ ಪರಕೇದಾಕಿ, ಹೊರಗಿನಾಕಿ ಆಗಿ ಉಳೀತೀನಿ."

ಹುಡುಗಿಯ ಕಣ್ಣಲ್ಲಿ ನೀರಿತ್ತು. ಎಂದೂ ಏನೂ ಕೇಳದ ಮಗಳು. ಅಲ್ಲೇ ಎದ್ದು ನಿಂತು, "ರುಖವತ ನಂದು. ನೀ ಚಿಂತಿ ಮಾಡಬ್ಯಾಡ" ಎಂದೆ.

ಒಳಗಿನಿಂದ ನನ್ನ ಹೆಂಡತಿ ಸುಮಿತ್ರಾ ಲಟ್ಟಣಿಗೆ ಹಿಡಿದುಕೊಂಡೇ ಬಂದಳು.

"ರುಖವತ ಹೆಂಗಸರ ಕೆಲಸ ಅದ. ಒಂದು ತುಳಸಿಕಟ್ಟಿ, ಒಂದು ಬಾವಿ, ನಾಕು ಗೊಂಬಿ, ಐದು ಥರದ ಉಂಡಿ. ಮುಗೀತು. ನೀವು ಪ್ಯಾಟಿಗೆ ಹೋಗಿ ಬೆಲ್ಲಾ ತರ್ರಿ."

"ತುಳಸಿಕಟ್ಟಿ ಎಲ್ಲಾರೂ ಮಾಡ್ತಾರ. ನಾವು ಹೊಸಾದು ಮಾಡೂಣು" ಎಂದೆ. ನನ್ನ ತಲೆಯಲ್ಲಿ ಆಗಲೇ ವಿಷಯ ಹೊಳೆದಿತ್ತು. ಮಕ್ಕಳನ್ನು ಕೂಡಿಸಿದ ಸಿನಿಮಾ ಸರಣಿಯ ವಿಕಾಸ! ಎಂಟು ಭಾಗ, ಎಂಟು ತಟ್ಟೆ, ಎಂಟು ದೃಶ್ಯ. ಎಲ್ಲವೂ ತಿನ್ನುವ ಪದಾರ್ಥದಲ್ಲಿ. ಮದುವೆಯ ದಿನದವರೆಗೆ ಇದು ಗೌಪ್ಯ. ಮಗಳಿಗೂ ತೋರಿಸುವಂತಿಲ್ಲ, ಹೆಂಡತಿಗೂ ತೋರಿಸುವಂತಿಲ್ಲ.

ಒಂದು ಅಡಚಣೆ ಮಾತ್ರ ಇತ್ತು. ಆ ಸರಣಿಯಲ್ಲಿ ಒಂದನ್ನೂ ನಾನು ನೋಡಿರಲಿಲ್ಲ.

ಬೇಸಿಗೆ ರಜೆ ಇತ್ತು. ದಿನಕ್ಕೊಂದರಂತೆ ಎಂಟು ಮಧ್ಯಾಹ್ನ, ಊಟವಾದ ಮೇಲೆ, ಕೂಲರಿನ ಮುಂದೆ ಕುಳಿತು, ನೋಟುಪುಸ್ತಕ ಹಿಡಿದು ಅಧ್ಯಯನ ಮಾಡಿದೆ. ಅಕ್ಕಲಕೋಟದ ಮೇ ತಿಂಗಳ ಬಿಸಿಲು ಗೊತ್ತಿದ್ದವರಿಗೆ ಹೇಳಬೇಕಾಗಿಲ್ಲ, ಕಣ್ಣುಗಳು ಆಗೀಗ ಕೂಡುತ್ತಿದ್ದವು. ಆದರೂ ಸಾರಾಂಶ ತಪ್ಪಲಿಲ್ಲ ಎಂದೇ ನನ್ನ ನಂಬಿಕೆ.

ಮೊದಲ ಭಾಗದಲ್ಲಿ ಎರಡು ಕಾರು, ಒಂದು ರಸ್ತೆ, ಒಂದು ಕೆಂಪು ದೀಪ. ಸೋತವನು ತನ್ನ ಕಾರಿನ ಕೀಲಿ ಕೊಟ್ಟು ನಡೆದುಕೊಂಡು ಮನೆಗೆ ಹೋಗಬೇಕು. ಇಷ್ಟೇ ಕಥೆ. ನಾಯಕ ನಡುವೆ ಒಮ್ಮೆ ನಿಂತು ಪೆಟ್ರೋಲನ್ನೂ ಹಾಕಿಸುತ್ತಾನೆ. ಎರಡನೆಯದರಲ್ಲಿ ಕಾರು ಮುರಿದ ಸೇತುವೆಯನ್ನು ಜಿಗಿಯಿತು. ಮೂರನೆಯದರಲ್ಲಿ ನಾಯಕ ಪರದೇಶಕ್ಕೆ ಹೋದ. ಕಾರೂ ಹೋಯಿತು, ಹೇಗೆ ಹೋಯಿತೆಂದು ಯಾರೂ ಹೇಳಲಿಲ್ಲ. ನಾಲ್ಕರಿಂದ ಮುಂದೆ ಪೆಟ್ರೋಲ್ ಹಾಕಿಸುವ ಪದ್ಧತಿಯೇ ನಿಂತುಹೋಯಿತು. ಐದರಲ್ಲಿ ಹಿಂದೆ ಅಟ್ಟಿಕೊಂಡು ಬರುತ್ತಿದ್ದ ಪೊಲೀಸರೇ ನಾಯಕನ ಮುಂದೆ ಕೈಕಟ್ಟಿ ನಿಂತು ಸಹಾಯ ಕೇಳಿದರು. ಆರರಲ್ಲಿ ಕಾರು ವಿಮಾನದ ಬಾಲ ಕಟ್ಟಿಕೊಂಡು ಎಳೆಯಿತು. ಎಂಟರಲ್ಲಿ ಹಿಮದ ಗಡ್ಡೆಯ ಮೇಲೆ ಹಡಗಿಗೂ ಕಾರಿಗೂ ಪಂದ್ಯ. ಕಾರು ಗೆದ್ದಿತು.

ನನಗೆ ಅದೆಲ್ಲ ವಿಚಿತ್ರ ಅನಿಸಲಿಲ್ಲ. ಮೀನು ದಂಡೆಗೆ ಬಂತು, ಕಾಲು ಬೆಳೆಯಿತು, ಕೊನೆಗೆ ಕೋಟು ಹಾಕಿಕೊಂಡಿತು ಎಂದು ಇಷ್ಟು ವರ್ಷ ಮಕ್ಕಳಿಗೆ ಕಲಿಸಿದವನು ನಾನು. ಇದೂ ಅದೇ ಕ್ರಮ.

ಏಳನೆಯ ಭಾಗವನ್ನು ಬಿಟ್ಟೆ ಅಂದಿರಾ? ಅಲ್ಲಿಗೇ ಬರುತ್ತಿದ್ದೇನೆ. ಏಳನೆಯದರಲ್ಲಿ ನಾಯಕ ಸಾಯುತ್ತಾನೆ. ಕರಿ ಬಟ್ಟೆ ಹಾಕಿದ ಜನ, ಮಳೆ, ಛತ್ರಿ, ಶವಪೆಟ್ಟಿಗೆ. ಬಹಳ ಗಂಭೀರ ದೃಶ್ಯ. ಮರುದಿನ ಎಂಟನೆಯ ಭಾಗ ಹಚ್ಚಿದರೆ ಅದೇ ನಾಯಕ ಕೂದಲು ಬಾಚಿಕೊಂಡು ಕಾರು ನಡೆಸುತ್ತಿದ್ದಾನೆ! ಬದುಕಿ ಬಂದನೆಂದು ನೋಟುಪುಸ್ತಕದಲ್ಲಿ ಬರೆದುಕೊಂಡೆ. ಇಂಥ ಸಿನಿಮಾದಲ್ಲಿ ಅದೇನು ದೊಡ್ಡ ಮಾತಲ್ಲ.

ಮಾಡಲು ಕುಳಿತೆ. ಕರ್ಚಿಕಾಯಿಯ ಕಾರುಗಳು, ಅವಕ್ಕೆ ಕೋಡುಬಳೆಯ ಗಾಲಿ. ಖಡಕ್ ರೊಟ್ಟಿಯ ರಸ್ತೆ. ಶ್ಯಾವಿಗೆಯ ಸೇತುವೆ. ಹಪ್ಪಳದ ರೆಕ್ಕೆಯ ವಿಮಾನ. ಎಂಟನೆಯದಕ್ಕೆ ಜೋಳದ ಅಳ್ಳು, ಅಂದರೆ ಅರಳು, ಹುರಿದು ಹಿಮ. "ನಿಖಿಲ ಅಂದ್ರ ಥೇಟ ಆ ಹೀರೋನ ಹಂಗ" ಎಂದು ಮಗಳು ಒಮ್ಮೆ ಅಂದದ್ದು ನೆನಪಿತ್ತು. ಆದ್ದರಿಂದ ಅವನ ಬಯೋಡಾಟಾದ ಫೋಟೊ ಒಯ್ದು ಪ್ರತಿಗಳನ್ನು ಮಾಡಿಸಿ, ಪ್ರತಿಯೊಂದು ಕಾರಿನೊಳಗೂ ಅವನ ಮುಖ ಅಂಟಿಸಿದೆ. ಏಳನೆಯ ತಟ್ಟೆಗಾಗಿ ಮಾತ್ರ ಒಂದು ದೊಡ್ಡ ಪ್ರತಿ, ಕಟ್ಟು ಹಾಕಿಸಿ.

ಸ್ಟುಡಿಯೋದವನು ಕೇಳಿದ, "ಗುರೂಜಿ, ಹಾರ ಹಾಕೋ ಫೋಟೊನಾ?"

"ಹೌದು" ಎಂದೆ.

"ಪಾಪ, ಸಣ್ಣ ವಯಸ್ಸು" ಎಂದು ಅವನು ಹತ್ತು ರೂಪಾಯಿ ಕಡಿಮೆ ತೆಗೆದುಕೊಂಡ. ಆಗಲಾದರೂ ನನಗೆ ತಿಳಿಯಬೇಕಿತ್ತು. ತಿಳಿಯಲಿಲ್ಲ!

ನನ್ನ ಸಮಾಧಾನಕ್ಕೆ ಒಂದು ಮಾತು ಹೇಳಿಕೊಳ್ಳುತ್ತೇನೆ. ಶಾಲೆಯಲ್ಲಿ ಜಯಂತಿ, ಪುಣ್ಯತಿಥಿ ಎಂದು ವರ್ಷಕ್ಕೆ ಎಷ್ಟು ಸಲ ಮೇಜಿನ ಮೇಲೆ ಫೋಟೊ ಇಟ್ಟು, ಹಾರ ಹಾಕಿ, ಸಮಯಿ ದೀಪ ಹಚ್ಚಿ, ಊದಿನಕಡ್ಡಿ ಸಿಕ್ಕಿಸಿದ್ದೇನೋ ಲೆಕ್ಕವಿಲ್ಲ. ಹಾರವಿಲ್ಲದ ಫೋಟೊ ಕಂಡರೆ ನನಗೆ ಕೆಲಸ ಅರ್ಧಕ್ಕೆ ನಿಂತಂತೆ ಅನಿಸುತ್ತದೆ. ಮೇಲಾಗಿ ಪಠ್ಯದಲ್ಲಿರುವ ಪಾಠವನ್ನು ಹಾರಿಸಿ ಮುಂದೆ ಹೋಗುವ ಜಾಯಮಾನ ನನ್ನದಲ್ಲ. ಆದರೂ ಮದುವೆಯ ಮನೆ ಎಂಬ ಎಚ್ಚರ ನನಗಿತ್ತು. ಆದ್ದರಿಂದ ಪ್ರತಿ ತಟ್ಟೆಯ ಮುಂದೆ ದುಂಡಕ್ಷರದಲ್ಲಿ ಬರೆದಿಟ್ಟ ಚೀಟಿಗಳಲ್ಲಿ ಏಳನೆಯದನ್ನು ಬಹಳ ಯೋಚಿಸಿ ಬರೆದೆ: "ಏಳನೆಯ ಭಾಗ. ನಾಯಕನ ತಾತ್ಕಾಲಿಕ ನಿಧನ."

ಮದುವೆಯ ದಿನ ಬೆಳಿಗ್ಗೆ ನಮ್ಮ ಓಣಿಯ ಇಬ್ರಾಹಿಂಭಾಯಿಯ ಟೆಂಪೊದಲ್ಲಿ ಎಲ್ಲವನ್ನೂ ಹೇರಿಕೊಂಡು ಸೊಲ್ಲಾಪುರಕ್ಕೆ ಹೊರಟೆ. ಏಳು ತಟ್ಟೆ ಹಿಂದೆ, ಹಿಮದ ತಟ್ಟೆ ನನ್ನ ತೊಡೆಯ ಮೇಲೆ. ಇಬ್ರಾಹಿಂಭಾಯಿ ನೆಟ್ಟಗೆ, ನಿಧಾನಕ್ಕೆ ಗಾಡಿ ನಡೆಸುವ ಮನುಷ್ಯ. ಎಂಟು ಸಿನಿಮಾ ನೋಡಿದ ನನಗೆ ಆ ವೇಗ ತಡೆಯಲಾಗಲಿಲ್ಲ.

"ಭಾಯಿ, ಸ್ವಲ್ಪ ಜೋರ ಹೊಡೀರಿ. ಮುಂದಿನ ಬಸ್ಸಿಗೆ ಕಟ್ ಹೊಡೀರಿ!"

"ಗುರೂಜಿ, ತಬಿಯತ್ ಠೀಕ್ ಹೈ ನಾ?" ಎಂದು ಅವರು ನನ್ನ ಮುಖ ನೋಡಿದರು. ನೋಡಿದ್ದೇ ತಪ್ಪಾಯಿತು. ವಳಸಂಗದ ಹತ್ತಿರ ರಸ್ತೆಯ ಉಬ್ಬು ಅವರಿಗೆ ಕಾಣಲಿಲ್ಲ. ಟೆಂಪೊ ಹಾರಿತು, ನಾನು ಹಾರಿದೆ, ತಟ್ಟೆ ಹಾರಿತು. ತೆರೆದ ಕಿಟಕಿಯಿಂದ ಹಿಮವೆಲ್ಲ ಹೊರಗೆ ಹೋಯಿತು. ಕಾರು ನನ್ನ ಅಡಿಯಲ್ಲಿ ಸಿಕ್ಕು ಪುಡಿಯಾಯಿತು. ಕಾರಿನೊಳಗಿದ್ದ ಅಳಿಯನ ಮುಖ ನನ್ನ ಹೊಸ ಧೋತರಕ್ಕೆ ಅಂಟಿಕೊಂಡಿತು.

ಹೋಗಲಿ, ಎಂಟರಲ್ಲಿ ಒಂದು ಹೋದರೆ ಏಳು ಉಳಿಯಿತಲ್ಲ ಎಂದು ಸಮಾಧಾನ ಮಾಡಿಕೊಂಡೆ. ಗಣಿತ ಸರಿಯಾಗಿತ್ತು. ಕಥೆ ಎಲ್ಲಿಗೆ ಬಂದು ನಿಂತಿತೆಂದು ಮಾತ್ರ ಯೋಚಿಸಲಿಲ್ಲ.

ಕಾರ್ಯಾಲಯದಲ್ಲಿ ಒಂದು ಮೂಲೆಗೆ ಪರದೆ ಕಟ್ಟಿಸಿ, ಮೇಜುಗಳನ್ನು ಜೋಡಿಸಿ, ತಟ್ಟೆಗಳನ್ನು ಸಾಲಾಗಿ ಇಟ್ಟೆ. ಏಳನೆಯದರಲ್ಲಿ ಕಟ್ಟು ಹಾಕಿಸಿದ ಫೋಟೊ ನಿಲ್ಲಿಸಿ ಹಾರ ಹಾಕಿದೆ. ಎಂಟನೆಯ ಜಾಗದಲ್ಲಿ ಖಾಲಿ ತಟ್ಟೆ, ಅದರಲ್ಲಿ ನಾಲ್ಕು ಅಳ್ಳು. ಅಕ್ಷತೆಗೆ ಇನ್ನೂ ಅರ್ಧ ತಾಸಿತ್ತು. ಸುಲೋಚನಾಬಾಯಿ ಐದಾರು ಹೆಂಗಸರೊಂದಿಗೆ ಬಂದರು. ಸುಮಿತ್ರಾ ಕುಂಕುಮದ ಬಟ್ಟಲು ಹಿಡಿದು ಪಕ್ಕಕ್ಕೆ ನಿಂತಳು. ನಾನು ಪರದೆ ಸರಿಸಿದೆ.

"ಅಗಬಾಈ! ಕರ್ಚಿಕಾಯಿ ಮೋಟಾರ!" ಎಂದಳು ಒಬ್ಬ ಹೆಂಗಸು. ಎಲ್ಲರೂ ನಕ್ಕರು. ಸುಲೋಚನಾಬಾಯಿ ಬಗ್ಗಿ ನೋಡಿದರು. ಕಾರಿನೊಳಗೆ ಮಗನ ಮುಖ! ಅವರ ಮುಖ ಅರಳಿತು. "ಹಾ ತರ್ ಮಾಝಾ ನಿಖ್ಯಾ! ನೋಡ್ರೇ, ನನ್ನ ಮಗಾ ಮೋಟಾರ ಹೊಡ್ಯಾಕತ್ಯಾನ!" ಎರಡನೆಯದನ್ನು ನೋಡಿದರು, ಮೂರನೆಯದನ್ನು ನೋಡಿದರು, ಸೇತುವೆಯ ಶ್ಯಾವಿಗೆಯನ್ನು ಬೆರಳಿನಿಂದ ಮುಟ್ಟಿ, "ಎಷ್ಟ ಸಣ್ಣ ಎಳಿ ಹೊಸದೀರಿ" ಎಂದು ಸುಮಿತ್ರಾಳನ್ನು ಹೊಗಳಿದರು. ಆರನೆಯ ತಟ್ಟೆಯವರೆಗೆ ನಾನು ಪೂರ್ಣ ಮಾರ್ಕಿನಿಂದ ಪಾಸಾಗಿದ್ದೆ.

ಆಗ ನನಗೊಂದು ಉಮೇದು ಬಂತು. ಏಳನೆಯದಕ್ಕೆ ಯೋಗ್ಯ ವಾತಾವರಣ ಬೇಕು ಎಂದು ಓಡಿ ಹೋಗಿ ಸಮಯಿ ಹಚ್ಚಿದೆ, ಊದಿನಕಡ್ಡಿ ಹಚ್ಚಿದೆ. ಅಷ್ಟಕ್ಕೆ ನಿಲ್ಲಿಸಿದೆನೇ? ಇಲ್ಲ. ಫೋಟೊ, ಹಾರ, ಊದಿನಕಡ್ಡಿ ಮೂರೂ ಒಟ್ಟಿಗೆ ಕಂಡ ಕೂಡಲೇ ಇಪ್ಪತ್ತೆಂಟು ವರ್ಷದ ಅಭ್ಯಾಸ ತಾನಾಗಿ ಕೆಲಸ ಮಾಡಿತು. ಕೈಕಟ್ಟಿ, ತಲೆ ತಗ್ಗಿಸಿ, ನೆಟ್ಟಗೆ ನಿಂತುಬಿಟ್ಟೆ. ಮೌನಾಚರಣೆಗೆ!

ನಾನು ತಲೆ ಎತ್ತಿದಾಗ ಎಲ್ಲರೂ ಮೌನವಾಗಿದ್ದರು.

ಸುಲೋಚನಾಬಾಯಿ ಕೂಗಲಿಲ್ಲ, ಬಯ್ಯಲಿಲ್ಲ. ಬಯ್ದಿದ್ದರೆ ಎಷ್ಟೋ ವಾಸಿಯಾಗಿತ್ತು. ಅಲ್ಲೇ ನೆಲದ ಮೇಲೆ ಕುಳಿತರು. ಹಾರ ಹಾಕಿದ ಮಗನ ಫೋಟೊ ನೋಡಿದರು, ನನ್ನನ್ನು ನೋಡಿದರು.

"ಗುರೂಜಿ, ನನ್ನ ಮನ್ಯಾಗ ಹಿಂತಾ ಫೋಟೊ ಒಂದು ಅದ. ಆರು ವರ್ಷ ಆತು, ದಿನಾ ಮುಂಜಾನಿ ಒರಸ್ತೀನಿ. ಇನ್ನೊಂದ್ಯಾಕ ಮಾಡಿದ್ರಿ?"

ನನಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು. ಏನಾದರೂ ಹೇಳಬೇಕಲ್ಲ! "ಬಾಯಿಯವರ, ಅದು ತಾತ್ಕಾಲಿಕ ಅದ್ರಿ! ಬರದೀನಿ ನೋಡ್ರಿ! ಚೀಟಿ ಓದ್ರಿ!" ಎಂದು ಚೀಟಿ ಎತ್ತಿ ಹಿಡಿದೆ.

ಹೆಂಗಸರು ಒಬ್ಬರ ಮೇಲೊಬ್ಬರು ಬಗ್ಗಿ ನೋಡಿದರು. "ಕಾಯ್ ಲಿಹಿಲಂಯ್ ಹೇ? ಕಾನಡೀ ದಿಸ್ತಂಯ್." ಏನು ಬರೆದಿದೆಯೋ, ಕನ್ನಡದಂತೆ ಕಾಣುತ್ತದೆ ಎಂದು ಮರಾಠಿಯಲ್ಲಿ ಗುಸುಗುಸು. ಕನ್ನಡ ಮಾತಾಡುವವರು ಅವರಲ್ಲಿ ಇದ್ದರು, ಓದುವವರು ಒಬ್ಬರೂ ಇರಲಿಲ್ಲ. ನನ್ನ ದುಂಡಕ್ಷರ ಅಲ್ಲಿ ಬರೀ ರಂಗೋಲಿಯಾಗಿತ್ತು.

"ಇದರ ಅರ್ಥ, ಸಾಯ್ತಾನ, ಆದರ ಸಾಯಾಂಗಿಲ್ಲ..." ಎಂದು ನಾನು ಬಿಡಿಸಿ ಹೇಳತೊಡಗಿದೆ.

"ನೀವು ಬಾಯಿ ಮುಚ್ರಿ!" ಎಂದಳು ಸುಮಿತ್ರಾ. ಇಷ್ಟು ವರ್ಷಗಳ ಸಂಸಾರದಲ್ಲಿ ನಾಲ್ಕು ಜನರ ಮುಂದೆ ಅವಳು ನನಗೆ ಹಾಗೆ ಅಂದದ್ದು ಅದೇ ಮೊದಲು. ನಾನು ಮುಚ್ಚಿದೆ.

ಸುಲೋಚನಾಬಾಯಿ ಗೋಡೆ ಹಿಡಿದು ಎದ್ದರು. "ನಿಖ್ಯಾನ ಕರೀರಿ. ಲಗ್ನಾ ಬ್ಯಾಡ. ಅಪಶಕುನ ಆತು. ನಾವು ಊರಿಗೆ ಹೋಗ್ತೀವಿ."

ಆ ಮಾತು ಹೇಗೋ ವಧುವಿನ ಕೋಣೆಗೆ ಮುಟ್ಟಿತು. ಹಳದಿ ಸೀರೆಯಲ್ಲಿ, ಹಣೆಗೆ ಮುತ್ತಿನ ಸರದ ಮುಂಡಾವಳಿ ಕಟ್ಟಿಕೊಂಡು ಶ್ರದ್ಧಾ ಓಡಿಬಂದಳು. ಬಂದು ಫೋಟೊ ನೋಡಿ ನಿಂತುಬಿಟ್ಟಳು. ನನ್ನ ಕೈಯಿಂದ ಚೀಟಿ ಕಸಿದುಕೊಂಡಳು. ಅವಳು ಕಲಿತದ್ದು ಮರಾಠಿ ಶಾಲೆಯಲ್ಲಿ. ಕನ್ನಡ ಶಾಲೆಯ ಹೆಡ್‌ಮಾಸ್ತರನ ಮಗಳು ಯಾಕೆ ಅಲ್ಲಿ ಕಲಿತಳು ಎಂದು ನೀವು ಕೇಳಬೇಡಿ, ಊರೆಲ್ಲ ಕೇಳಿ ಮುಗಿದಿದೆ. ಒಂದೊಂದೇ ಅಕ್ಷರ ಕೂಡಿಸಿ ಓದಿದಳು. "ನಾ... ಯ... ಕ... ನ. ತಾ... ತ್ಕಾ... ಲಿ... ಕ..." ಓದಿ ಮುಗಿಸಿ ನನ್ನ ಮುಖವನ್ನೇ ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಬಹಳ ಹೊತ್ತು ಕೆಟ್ಟ ಉತ್ತರಪತ್ರಿಕೆ ತಿದ್ದಿದ ಮೇಲೆ ನಾನು ಮಕ್ಕಳನ್ನು ನೋಡುತ್ತೇನಲ್ಲ, ಹಾಗೆ ನೋಡಿದಳು. ಯಾಕೆಂದು ನನಗೆ ಆಗ ತಿಳಿಯಲಿಲ್ಲ.

ಆಮೇಲೆ ಅತ್ತೆಯ ಎರಡೂ ಕೈ ಹಿಡಿದುಕೊಂಡಳು.

"ಅಪ್ಪಾ ಬರದದ್ದು ಖರೆ ಅದ್ರಿ ಅತ್ತೆ. ಏಳನೇದ್ರಾಗ ಹೀರೊ ಹೋದ ಅಂತ ಎಲ್ಲಾರೂ ಅಳ್ತಾರ. ಎಂಟನೇದ್ರಾಗ ತಿರುಗಿ ಬರ್ತಾನ. ಕಂಪನಿಯೊಳಗ ಯಾರನ್ನ ಬೇಕಾದ್ರ ಕೇಳ್ರಿ."

"ತಿರುಗಿ ಬರ್ತಾನ?"

"ಬಂದ ಬರ್ತಾನ."

"ಹಂಗಾರ ಎಂಟನೇದು ಎಲ್ಲದ? ತೋರಸು."

ಎಲ್ಲರೂ ಎಂಟನೆಯ ತಟ್ಟೆ ನೋಡಿದರು. ನಾಲ್ಕು ಅಳ್ಳು! ನಾನು ತಿರುಗಿ ನಿಂತು ಧೋತರಕ್ಕೆ ಅಂಟಿದ್ದ ಅಳಿಯನ ಮುಖವನ್ನು ತೋರಿಸಲು ಹೊರಟಿದ್ದೆ. ಅದು ಅಂಟಿದ್ದ ಜಾಗ ನೆನಪಾಗಿ ಸುಮ್ಮನಾದೆ.

ಅಷ್ಟರಲ್ಲಿ ನಿಖಿಲ ಪೇಟ ಹಿಡಿದುಕೊಂಡು ಒಳಗೆ ಬಂದ. ಬಂದವನಿಗೆ ಹೆಂಗಸರೆಲ್ಲ ಒಮ್ಮೆಗೇ ಕೇಳಿದರು, "ನೀನು ಏಳನೇದ್ರಾಗ ಸಾಯ್ತೀಯಂತ, ಎಂಟನೇದ್ರಾಗ ಬರ್ತೀಯಂತ, ಖರೇನೇನೋ?"

ನಿಖಿಲ ಪಿಳಿಪಿಳಿ ನೋಡಿದ. "ಪಣ್ ಸಾತವ್ಯಾ ಭಾಗಾತ್ ತರ್..." ಎಂದು, ಅಂದರೆ ಆದರೆ ಏಳನೆಯ ಭಾಗದಲ್ಲಂತೂ ಎಂದು, ಶುರು ಮಾಡಿದ. ಶ್ರದ್ಧಾ ಅವನ ಕಾಲನ್ನು ಗಟ್ಟಿಯಾಗಿ ತುಳಿದಳು. "ಹೋ, ಹೋ, ಯೇತೋ, ಯೇತೋ" ಎಂದು ಅವನು ನರಳುತ್ತ, ಬರುತ್ತಾನೆಂದು ಒಪ್ಪಿಕೊಂಡ.

"ಮ್ಯಾಲೆ ಹತ್ತು" ಎಂದಳು ಶ್ರದ್ಧಾ.

"ಎಲ್ಲಿ?"

"ಮೇಜಿನ ಮ್ಯಾಲೆ. ಎಂಟನೇದ್ರ ಜಾಗಾಕ್ಕ. ಹತ್ತು!"

ವರ ಮಹಾಶಯ ಪೇಟ, ಶೇರವಾನಿ, ಕೈಯಲ್ಲಿ ಕಟ್ಟಿದ ಕಂಕಣ ಸಮೇತ ರುಖವತದ ಮೇಜನ್ನು ಹತ್ತಿ, ತಟ್ಟೆ ಸರಿಸುವಾಗ ಚೆಲ್ಲಿದ ನಾಲ್ಕು ಅಳ್ಳಿನ ಮೇಲೆ ಕುಳಿತ. ಒಂದು ಕಡೆ ಹಪ್ಪಳದ ವಿಮಾನ, ನಡುವೆ ಅವನದೇ ಹಾರ ಹಾಕಿದ ಫೋಟೊ, ಪಕ್ಕದಲ್ಲಿ ಜೀವಂತ ಅವನು. ನನ್ನ ಇಡೀ ಪ್ರದರ್ಶನದಲ್ಲಿ ಸರಿಯಾಗಿ ಮೂಡಿಬಂದ ದೃಶ್ಯ ಅದೊಂದೇ. ಅದನ್ನು ಮಾಡಿದವನು ನಾನಲ್ಲ.

ಸುಲೋಚನಾಬಾಯಿ ಮಗನ ಹತ್ತಿರ ಹೋಗಿ ಅವನ ಗಲ್ಲ ಮುಟ್ಟಿದರು, ಹೆಗಲು ಮುಟ್ಟಿದರು, ಮುಂಗೈ ಹಿಡಿದು ನೋಡಿದರು. ಬಾಗಿಲಲ್ಲಿ ಇಳಿತೆಗೆಯಲು ಇಟ್ಟಿದ್ದ ಉಪ್ಪು ಮೆಣಸಿನಕಾಯಿ ತರಿಸಿ ಮೂರು ಸಲ ನಿವಾಳಿಸಿ ಎಸೆದರು. ಫೋಟೊದ ಹಾರವನ್ನು ಕೈಯಾರೆ ಕಿತ್ತು ಹೊರಗೆ ಹಾಕಿಸಿ, ಫೋಟೊವನ್ನು ತಮ್ಮ ಸೆರಗಿನೊಳಗೆ ಬಚ್ಚಿಟ್ಟುಕೊಂಡರು. ಆಮೇಲೆ ಶ್ರದ್ಧಾಳ ಕಡೆ ತಿರುಗಿ ಅತ್ತುಬಿಟ್ಟರು.

"ಎಲ್ಲಾರೂ ಗದ್ದಲಾ ಗೋಂಧಳಾ ಹಾಕಿದ್ರು. ನೀ ಒಬ್ಬಾಕಿ ನನ್ನ ಮಗನ್ನ ತಂದು ತೋರಿಸಿದಿ. ನಡಿ ಮಗಳ, ಅಕ್ಷತಾ ಟೈಮ್ ಆತು."

ಮಗಳ ಅಂದರು! ಸೊಸೆ ಅನ್ನಲಿಲ್ಲ. ಅಕ್ಷತೆ ಒಂಬತ್ತು ನಿಮಿಷ ತಡವಾಗಿ ಬಿತ್ತು. ಭಟ್ಟರು ಪಂಚಾಂಗ ನೋಡಿ, ಒಂಬತ್ತು ನಿಮಿಷಕ್ಕೆ ದೋಷವಿಲ್ಲ ಎಂದರು.

ಊಟದ ಹೊತ್ತಿಗೆ ನನ್ನ ಧೈರ್ಯ ಮರಳಿತ್ತು. ಎಷ್ಟಾದರೂ ಕೆಲಸ ಕೈಗೂಡಿತಲ್ಲ! ಸುಲೋಚನಾಬಾಯಿಯವರ ಮನಸ್ಸನ್ನು ಗೆದ್ದದ್ದು ನನ್ನ ರುಖವತವೇ ಅಲ್ಲವೇ? ಏಳನೆಯ ತಟ್ಟೆ ಇಲ್ಲದಿದ್ದರೆ ಎಂಟನೆಯದು ಎಲ್ಲಿ ಬರುತ್ತಿತ್ತು? ಪಂಗತಿಯಲ್ಲಿ ಕುಳಿತ ನಾಲ್ಕು ಜನ ಮಾಸ್ತರರಿಗೆ, ಪಠ್ಯನಿಷ್ಠೆ ಎಂಬುದು ಕೊನೆಗೆ ಹೇಗೆ ಕಾಯುತ್ತದೆ ಎಂಬ ವಿಷಯವಾಗಿ ಸಣ್ಣದೊಂದು ಭಾಷಣವನ್ನೂ ಮಾಡಿದೆ. ಅವರು ತಲೆದೂಗಿದರು. ಸುಮಿತ್ರಾ ಮಾತ್ರ ನನ್ನ ಎಲೆಗೆ ಎರಡನೆಯ ಜಿಲೇಬಿ ಬಡಿಸಲಿಲ್ಲ.

ಸಂಜೆ ಬೀಳ್ಕೊಡುವ ಹೊತ್ತು. ಗಾಡಿ ಸಿದ್ಧವಾಗಿತ್ತು. ಶ್ರದ್ಧಾ ತಾಯಿಯನ್ನು ತಬ್ಬಿ ಅತ್ತಳು, ಆಮೇಲೆ ನನ್ನ ಹತ್ತಿರ ಬಂದಳು. ನಾನು ಗಟ್ಟಿ ಮನಸ್ಸು ಮಾಡಿ ನಿಂತಿದ್ದೆ. ಅವಳು ನನ್ನ ಹೆಗಲ ಮೇಲೆ ತಲೆಯಿಟ್ಟಳು. ಸುತ್ತಲಿನವರು ಕಣ್ಣೊರೆಸಿಕೊಂಡರು.

"ಅಪ್ಪಾ" ಎಂದು ಕಿವಿಯಲ್ಲಿ ಹೇಳಿದಳು. "ಏಳನೇ ಭಾಗದಾಗ ಹೀರೊ ಸಾಯಾಂಗಿಲ್ಲ."

ನನಗೆ ಅರ್ಥವಾಗಲಿಲ್ಲ. "ಮತ್ತ ಆ ಮಣ್ಣು, ಆ ಪೆಟ್ಟಗಿ ಯಾರದು?"

"ಅವನ ಗ್ಯಾರೇಜಿನ ಮುದುಕ ಮಾಲಕಂದು. ಹೀರೊ ಪೆಟ್ಟಗಿಗೆ ಹೆಗಲು ಕೊಟ್ಟಾನ. ನೀವು ಮಲಗಿರಬೇಕು."

"ಹಂಗಾರ ನೀ ಅತ್ತಿಗೆ ಹೇಳಿದ್ದು?"

ಅವಳು ಅಳುತ್ತಲೇ ನಕ್ಕು, ನನ್ನ ಹೆಗಲ ಮೇಲಿನ ಶಲ್ಯ ಸರಿಮಾಡಿ, ಗಾಡಿ ಹತ್ತಿ ಅತ್ತೆಯ ಪಕ್ಕದಲ್ಲಿ ಕುಳಿತಳು. ಸುಲೋಚನಾಬಾಯಿ ಅವಳನ್ನು ತಮ್ಮ ಕಡೆಗೆ ಒರಗಿಸಿಕೊಂಡದ್ದು ಕಿಟಕಿಯಲ್ಲಿ ಕಂಡಿತು. ಗಾಡಿ ಹೋಯಿತು. ನಾನು ನಡುರಸ್ತೆಯಲ್ಲಿ ನಿಂತು ಗೊಳೋ ಎಂದು ಅತ್ತೆ.

"ಗುರೂಜಿಗೆ ಮಗಳ ಮ್ಯಾಲೆ ಎಷ್ಟು ಜೀವ!" ಎಂದು ನೆಂಟರು ನನ್ನ ಬೆನ್ನು ಸವರಿದರು.

"ಏನಂದ್ಲು ಕೂಸು?" ಎಂದು ಸುಮಿತ್ರಾ ಕೇಳಿದಳು.

"ತಬ್ಯತ್ ಕಡೆ ಲಕ್ಷ್ಯ ಇರಲಿ ಅಂದ್ಲು" ಎಂದೆ.

ಸುಳ್ಳು ಹೇಳಬಾರದೆಂದು ಇಪ್ಪತ್ತೆಂಟು ವರ್ಷ ಹಲಗೆಯ ಮೇಲೆ ಬರೆಸಿದ ಹೆಡ್‌ಮಾಸ್ತರ ನಾನು. ನನ್ನ ಮಗಳು ಅತ್ತೆಯ ಮುಂದೆ ಹೇಳಿದ ಮೊಟ್ಟಮೊದಲ ಮಾತೇ ಸುಳ್ಳು, ಅದೂ ನನ್ನ ಮಾನ ಉಳಿಸಲು!